ಬಾಳೆ ಎಲೆಗೆ ಕೆಂಪು ಚೀಟಿ

ಪಟ್ಟಾಭಿರಾಮ ಮೊದಲ ಸಲ ಸ್ಪ್ಯಾನರ್ ಹಿಡಿದಾಗ ಅವನಿಗೆ ನಲವತ್ತೊಂದು ತುಂಬಿತ್ತು. ಅದಕ್ಕೂ ಮುಂಚೆ ಸ್ಪ್ಯಾನರ್ ಮುಟ್ಟಿರಲಿಲ್ಲ ಎಂದಲ್ಲ. ಎಷ್ಟೋ ಸಲ ಮುಟ್ಟಿದ್ದ, ಅದರ ಬಾಯಿ ಸರಿಯಾದ ಅಳತೆಗಿದೆಯೋ ಇಲ್ಲವೋ ನೋಡುವುದಕ್ಕೆ. ಅದರಿಂದ ಒಂದು ನಟ್ಟು ತಿರುಗಿಸುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ. ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅವನು ಇನ್‌ಸ್ಪೆಕ್ಟರ್ ಆಗಿದ್ದ. ಎಣ್ಣೆಯ ಒತ್ತಡದಿಂದ ನಡೆಯುವ ಆಳೆತ್ತರದ ಪ್ರೆಸ್ ಯಂತ್ರಗಳು ಅಲ್ಲಿ ತಯಾರಾಗುತ್ತಿದ್ದವು. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ನೋಡುವುದು, ಅಳೆಯುವುದು, ತಪ್ಪು ಕಂಡರೆ ಒಂದು ಕೆಂಪು ಚೀಟಿ ಕಟ್ಟುವುದು ಅವನ ಕೆಲಸ. ಚೀಟಿಯಲ್ಲಿ ನಾಲ್ಕು ಕಲಮುಗಳಿದ್ದವು: ದೋಷ, ಕಾರಣ, ಮಾಡಿದವರು, ಇನ್‌ಸ್ಪೆಕ್ಟರ್. ಕಾರ್ಖಾನೆ ಶುರುವಾದ ಒಂಬತ್ತು ವರ್ಷಗಳಲ್ಲಿ ಪಟ್ಟಾಭಿರಾಮನ ಹೆಸರು ನಾಲ್ಕನೇ ಕಲಮಿನಲ್ಲಿ ಸಾವಿರಾರು ಸಲ ಬಿದ್ದಿತ್ತು. ಮೂರನೇ ಕಲಮಿಗೆ ಒಂದು ಸಲವೂ ಇಳಿದಿರಲಿಲ್ಲ. ಏನನ್ನೂ ಮಾಡದವನ ಹೆಸರು ‘ಮಾಡಿದವರು’ ಎಂಬಲ್ಲಿ ಬರುವುದಾದರೂ ಹೇಗೆ? ಇದು ಅವನಿಗೆ ಬಹಳ ಕಾಲ ಹೊಳೆದಿರಲಿಲ್ಲ. ಮುಂದೆ ಹೊಳೆದ ಮೇಲೆ ಮದುವೆಮನೆ, ನಾಮಕರಣ, ಬಸ್ ಸ್ಟ್ಯಾಂಡು ಎನ್ನದೆ ಸಿಕ್ಕಿದವರಿಗೆಲ್ಲ ಅವನೇ ಹೇಳಿಕೊಂಡು ನಗುತ್ತಿದ್ದ.

ದಾಸರಹಳ್ಳಿಯ ಬಾಡಿಗೆ ಮನೆಯಲ್ಲೂ ಇನ್‌ಸ್ಪೆಕ್ಷನ್ ನಡೆದೇ ಇತ್ತು. ದೋಸೆಯ ಅಂಚು ಒಂದು ಕಡೆ ದಪ್ಪ, ಒಂದು ಕಡೆ ತೆಳು ಎಂದು ಅವನು ತಟ್ಟೆಯನ್ನು ಬೆಳಕಿಗೆ ಹಿಡಿಯುತ್ತಿದ್ದ. ಹೆಂಡತಿ ವತ್ಸಲಾ ಮದುವೆಯಾದ ಹೊಸತರಲ್ಲಿ ಅತ್ತಿದ್ದಳು. ಎರಡನೇ ವರ್ಷದಿಂದ, “ಕೆಂಪು ಚೀಟಿ ಕಟ್ಬಿಟ್ಟು ಹಾಗೇ ಹಸ್ಕೊಂಡ್ ಹೋಗಿ” ಎನ್ನುವಷ್ಟು ಗಟ್ಟಿಯಾಗಿದ್ದಳು. ಅವನು ತಿಂದೇ ಹೋಗುತ್ತಿದ್ದ.

ಎಂಬತ್ತನಾಲ್ಕರ ಸಂಕ್ರಾಂತಿ ಮುಗಿದ ವಾರ ಅಸೆಂಬ್ಲಿ ಶೆಡ್ಡಿನಲ್ಲಿ ಒಂದು ಘಟನೆ ನಡೆಯಿತು. ಅಲ್ಲಿನ ಹಿರಿಯ ಫಿಟ್ಟರ್ ಚಿಕ್ಕಬೈರಪ್ಪ. ಕಾರ್ಖಾನೆಗೆ ಹೋದ ಜಮೀನಿನಲ್ಲಿ ಅವನದೂ ಒಂದೂವರೆ ಎಕರೆ ಇತ್ತು. ಅದಕ್ಕೆ ಬದಲಾಗಿ ಸಿಕ್ಕಿದ ಕೆಲಸ ಇದು. ನೇಗಿಲು ಹಿಡಿದಿದ್ದ ಕೈ ಎರಡೇ ವರ್ಷದಲ್ಲಿ ಕಾರ್ಖಾನೆಯ ಅತ್ಯಂತ ನಾಜೂಕಾದ ಕೈ ಎನಿಸಿಕೊಂಡಿತ್ತು. ಪ್ರೆಸ್ ಯಂತ್ರದ ಉಕ್ಕಿನ ದಂಡಕ್ಕೆ ಎಣ್ಣೆ ಸೋರದಂತೆ ರಬ್ಬರಿನ ಬಳೆಯೊಂದನ್ನು ಏರಿಸಬೇಕು. ಅದನ್ನು ಆಯಿಲ್ ಸೀಲ್ ಎನ್ನುತ್ತಾರೆ. ಆ ಕೆಲಸ ಚಿಕ್ಕಬೈರಪ್ಪನದೇ. ಅವತ್ತು ಪಟ್ಟಾಭಿರಾಮ ಶೆಡ್ಡಿಗೆ ಕಾಲಿಟ್ಟಾಗ, ಕನ್ನಡಿಯಂತೆ ಪಾಲಿಶ್ ಮಾಡಿದ ದಂಡದ ತುದಿಗೆ ಒಂದು ತುಂಡು ಬಾಳೆ ಎಲೆ ಸುತ್ತಿತ್ತು. ಪಕ್ಕದಲ್ಲಿ ಬಿಚ್ಚಿದ ಇಡ್ಲಿ ಪೊಟ್ಟಣವೂ ಇತ್ತು. ಪಟ್ಟಾಭಿರಾಮನಿಗೆ ಮೈಯೆಲ್ಲ ಉರಿದುಹೋಯಿತು.

“ಏನ್ರೀ ಬೈರಪ್ಪ ಇದು? ಮೈಕ್ರಾನ್ ಲೆಕ್ಕದ ರಾಡಿನ ಮೇಲೆ ಇಡ್ಲಿ ಇಟ್ಕೊಂಡ್ ತಿಂತೀರಾ?”

“ಅಯ್ಯೋ ಸಾರ್, ಇದು ತಿನ್ನಾಕಲ್ಲ, ಇದು—”

“ಮಾತು ಬೇಡ. ಪ್ರೋಸೆಸ್ ಶೀಟಲ್ಲಿ ಬಾಳೆ ಎಲೆ ಅಂತ ಎಲ್ಲಿದೆ, ತೋರ್ಸಿ ನೋಡೋಣ.”

ಇರಲಿಲ್ಲ. ಹೇಗಿರುತ್ತದೆ? ಪ್ರೋಸೆಸ್ ಶೀಟು ಎಂದರೆ ಯಾವ ಕೆಲಸವನ್ನು ಯಾವುದರ ಆಮೇಲೆ, ಯಾವ ಸಲಕರಣೆಯಿಂದ ಮಾಡಬೇಕು ಎಂದು ಆಫೀಸಿನಲ್ಲಿ ಕೂತವರು ಬರೆದ ಕಾಗದ. ಅವರು ಬಾಳೆ ಎಲೆಯನ್ನು ಊಟಕ್ಕೆ ಕೂತಾಗ ಮಾತ್ರ ಕಂಡವರು. ಪಟ್ಟಾಭಿರಾಮ ಅವತ್ತೇ ಒಂದು ಸುತ್ತೋಲೆ ಹೊರಡಿಸಿದ: ಅಸೆಂಬ್ಲಿ ಶೆಡ್ಡಿನೊಳಗೆ ಎಲೆ, ಕಾಗದ, ತಿಂಡಿ ಪದಾರ್ಥ ನಿಷಿದ್ಧ. ಸುತ್ತೋಲೆಯ ಭಾಷೆ ಬಹಳ ಚೆನ್ನಾಗಿ ಬಂದಿದೆ ಎಂದು ಅದನ್ನು ಮನೆಗೆ ತಂದು ವತ್ಸಲಾಗೂ ಓದಿ ಹೇಳಿದ್ದ.

ಅದಾದ ಎರಡು ತಿಂಗಳಲ್ಲಿ ಚಿಕ್ಕಬೈರಪ್ಪನ ಕೈಯಿಂದ ಹೊರಬಂದ ಮೂರು ಯಂತ್ರಗಳು ಪರೀಕ್ಷೆಯಲ್ಲಿ ಎಣ್ಣೆ ಸೋರಿದವು. ಮೂರಕ್ಕೂ ಕೆಂಪು ಚೀಟಿ. ಕಾರಣ: ಫಿಟ್ಟರನ ಅಜಾಗರೂಕತೆ. ಮೂರನೆಯದು ಬಿದ್ದಾಗ ಮ್ಯಾನೇಜರ್ ಶ್ಯಾಮಸುಂದರ ಪಟ್ಟಾಭಿರಾಮನನ್ನು ಕರೆಸಿ, “ಆತನ ಮೇಲೆ ಒಂದು ರಿಪೋರ್ಟ್ ಬರ್ದು ಸೋಮವಾರ ಹತ್ತು ಗಂಟೆಗೆ ಕೊಡಿ. ಬೆಂಚಿಂದ ತೆಗ್ದು ಪ್ಯಾಕಿಂಗಿಗೆ ಹಾಕೋಣ” ಎಂದರು. ಪ್ಯಾಕಿಂಗ್ ಎಂದರೆ ಕಾಂಪೌಂಡಿನ ಹಿಂದಿನ ಶೆಡ್ಡಿನಲ್ಲಿ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವುದು. ಕೆಲಸ ಬಾರದವರನ್ನು ಅಲ್ಲಿಗೆ ಅಟ್ಟುತ್ತಿದ್ದರು. ಅಲ್ಲಿಗೆ ಹೋದವನು ತಿರುಗಿ ಬೆಂಚಿಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಿಕ್ಕಬೈರಪ್ಪ ಪಟ್ಟಾಭಿರಾಮನ ಮೇಜಿನ ಹತ್ತಿರ ಬಂದು ನಿಂತ. ಸುದ್ದಿ ಅವನಿಗೆ ಮುಟ್ಟಿತ್ತು.

“ಸಾರ್, ಮೊದ್ಲಿನಂಗೆ ಮಾಡಾಕೆ ಬಿಡಿ. ಒಂದ್ ತೊಟ್ಟೂ ಸೋರಲ್ಲ.”

“ಮೊದಲಿನ ಹಾಗೆ, ಈಗಿನ ಹಾಗೆ ಅಂತೆಲ್ಲ ಏನಿಲ್ಲ ಬೈರಪ್ಪ. ಶೀಟಲ್ಲಿ ಬರ್ದಿರೋ ಹಾಗೆ ಮಾಡಿದ್ರೆ ಯಾರ್ ಮಾಡಿದ್ರೂ ಸೋರಬಾರ್ದು. ಸೀಲ್ ಹಾಕೋದು ಏನ್ ಮಹಾ ವಿದ್ಯೆ?”

ಚಿಕ್ಕಬೈರಪ್ಪ, “ನಿಮ್ ಗಾಡಿ ಮುಂದ್ಗಡೆ ಕಾಲೂ ಸೋರ್ತೈತಲ್ಲ ಸಾರ್” ಎಂದ. ಕ್ಯಾಂಟೀನು ಗೊಳ್ಳೆಂದಿತು.

ಅದು ನಿಜ. ಪಟ್ಟಾಭಿರಾಮನ ಹನ್ನೊಂದು ವರ್ಷ ಹಳೆಯ, ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದಿದ್ದ ಎರಡು ಕಾಲುಗಳಿಂದ ಎಣ್ಣೆ ಜಿನುಗುತ್ತಿತ್ತು. ಫೋರ್ಕ್ ಎನ್ನುವ ಆ ಕಾಲುಗಳ ಒಳಗೆ ಸ್ಪ್ರಿಂಗೂ ಎಣ್ಣೆಯೂ ಇರುತ್ತವೆ, ಬಾಯಲ್ಲಿ ಒಂದೊಂದು ಆಯಿಲ್ ಸೀಲ್ ಇರುತ್ತದೆ. ಸೀಲ್ ಸವೆದಿತ್ತು. ದಿನವೂ ಸೈಕಲ್ ಸ್ಟ್ಯಾಂಡಿನಲ್ಲಿ ಅವನ ಗಾಡಿ ನಿಂತ ಜಾಗದಲ್ಲಿ ಎರಡು ಕಪ್ಪು ಬೊಟ್ಟು ಬೀಳುತ್ತಿದ್ದವು. ಸೋರಿಕೆ ಹಿಡಿಯುವ ಇನ್‌ಸ್ಪೆಕ್ಟರನ ಗಾಡಿ ಸೋರುವುದನ್ನು ಇಡೀ ಕಾರ್ಖಾನೆ ಎಷ್ಟೋ ದಿನದಿಂದ ನೋಡಿಕೊಂಡು ಬಾಯಿ ಮುಚ್ಚಿಕೊಂಡಿತ್ತು.

ಪಟ್ಟಾಭಿರಾಮ ಎದ್ದು ನಿಂತ. ಅವನಿಗೆ ಕೋಪ ಬಂದಾಗ ಮಾತು ಸುತ್ತೋಲೆಯ ಧಾಟಿಗೆ ತಿರುಗುತ್ತಿತ್ತು. “ಸರಿ. ಭಾನುವಾರ ನಾನೇ, ನನ್ನ ಕೈಯಲ್ಲೇ, ಮನೆಯಲ್ಲೇ, ಶೀಟ್ ಪ್ರಕಾರ ಎರಡೂ ಸೀಲ್ ಬದಲಾಯಿಸತಕ್ಕದ್ದು. ಸೋಮವಾರ ಬೆಳಿಗ್ಗೆ ಎಲ್ಲರೂ ಬಂದು ನೋಡತಕ್ಕದ್ದು. ಸೋರಿದ್ರೆ ಶೀಟು ತಪ್ಪು. ಸೋರದಿದ್ರೆ ನಿಮ್ಮ ಕೈ ತಪ್ಪು. ಆಗಬಹುದೋ?”

“ಆಗ್ಲಿ ಸಾರ್” ಎಂದ ಚಿಕ್ಕಬೈರಪ್ಪ. ಅವನ ಮುಖದಲ್ಲಿ ನಗು ಇರಲಿಲ್ಲ. ಪ್ಯಾಕಿಂಗ್ ಶೆಡ್ಡಿಗೆ ಹೋಗಬೇಕಾಗಿದ್ದವನು ಅವನಲ್ಲವೇ?

ಶನಿವಾರ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಪಟ್ಟಾಭಿರಾಮ ಎರಡು ಸೀಲ್ ಕೇಳಿದ. ಅಂಗಡಿಯವನು ಅವನ ಇಸ್ತ್ರಿ ಮಾಡಿದ ಶರಟು, ಜೇಬಿನಲ್ಲಿದ್ದ ಎರಡು ಪೆನ್ನು, ಉಗುರಿನ ಬಿಳುಪು ಎಲ್ಲವನ್ನೂ ನೋಡಿದ.

“ಮೆಕ್ಯಾನಿಕ್ ಹಾಕೋದಾ, ನೀವೇ ಹಾಕೋದಾ ಸಾರ್?”

“ನಾನೇ.”

“ಹಾಗಾದ್ರೆ ನಾಲ್ಕು ತಗೊಂಡ್ಹೋಗಿ. ಮಿಕ್ಕಿದ್ರೆ ವಾಪಸ್ ತಗೋತೀನಿ.”

ಪಟ್ಟಾಭಿರಾಮನಿಗೆ ಅವಮಾನವಾಯಿತು. ಆದರೂ ನಾಲ್ಕು ತಂದ. ಅದೇ ಅವನು ಆ ವಾರ ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಂಗಳದಲ್ಲಿ ಕೆಲಸ ಶುರುವಾಯಿತು. ಶುರುವಾಯಿತು ಎಂದರೆ, ಅವನು ಇಪ್ಪತ್ತೆರಡು ಹಂತಗಳ ಪ್ರೋಸೆಸ್ ಶೀಟನ್ನು ಸ್ಕೇಲಿನಿಂದ ಗೆರೆ ಎಳೆದು ಬರೆದು, ಅನ್ನದ ಗಂಜಿ ಹಚ್ಚಿ ಗೋಡೆಗೆ ಅಂಟಿಸಿದ. ಅಷ್ಟಕ್ಕೇ ಒಂಬತ್ತೂವರೆಯಾಯಿತು. ಬಿಚ್ಚಿದ ನಟ್ಟುಗಳನ್ನು ಕ್ರಮವಾಗಿ ಇಡಲು ವತ್ಸಲಾಳ ಇಡ್ಲಿ ತಟ್ಟೆಗಳನ್ನು ತಂದು, ಒಂದೊಂದು ಗುಳಿಗೂ ಒಂದೊಂದು ನಂಬರಿನ ಚೀಟಿ ಹಾಕಿದ.

“ಇವತ್ತು ತಿಂಡಿ ಏನ್ ಮಾಡ್ಲಿ? ಇಡ್ಲಿ ಪಾತ್ರೆ ನಿಮ್ ಕಾರ್ಖಾನೆಗೆ ಹೋಯ್ತಲ್ಲ” ಎಂದಳು ವತ್ಸಲಾ.

“ಉಪ್ಪಿಟ್ಟು ಮಾಡು.”

“ಮಾಡ್ತೀನಿ. ಆದ್ರೆ ಇವತ್ತು ಅದರ ಬಗ್ಗೆ ಒಂದ್ ಮಾತೂ ಆಡ್ಬಾರ್ದು.”

ಶೀಟಿನ ಮೊದಲ ಹಂತ, ಮುಂದಿನ ಚಕ್ರ ನೆಲ ಬಿಡುವಂತೆ ಗಾಡಿಯನ್ನು ಎತ್ತಿ ನಿಲ್ಲಿಸುವುದು. ಎಂಜಿನ್ನಿನ ಅಡಿಗೆ ಇಡಲು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬಿದ್ದಿದ್ದ ಚಪ್ಪಡಿಯೇ ಗತಿಯಾಯಿತು. ಅವನೊಬ್ಬನಿಂದ ಗಾಡಿ ಎತ್ತಲಾಗಲಿಲ್ಲ. ವತ್ಸಲಾ ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ಒತ್ತಿದಳು, ಮನೆಯೊಡತಿ ವೆಂಕಟಮ್ಮ ಚಪ್ಪಡಿ ತಳ್ಳಿದಳು. ಶೀಟಿನಲ್ಲಿ ‘ಸಹಾಯಕರು: ಇಲ್ಲ’ ಎಂದು ಬರೆದಿದ್ದನ್ನು ಅವನು ಯಾರೂ ನೋಡದಂತೆ ತಿದ್ದಿದ.

ಚಕ್ರ ಬಿಚ್ಚಿದ, ಮಡ್‌ಗಾರ್ಡ್ ಬಿಚ್ಚಿದ. ಕಾಲುಗಳ ಅಡಿಯ ಬೋಲ್ಟ್ ಸಡಿಲಿಸಿ ಹಳೆಯ ಎಣ್ಣೆ ಇಳಿಸುವಾಗ ಕೆಳಗೊಂದು ಪಾತ್ರೆ ಇಡುವ ಹಂತವನ್ನು ಬರೆಯಲು ಮರೆತಿದ್ದ. ಶೀಟಿನಲ್ಲಿ ಇಲ್ಲದ್ದನ್ನು ಅವನು ಮಾಡಲೂ ಇಲ್ಲ. ವೆಂಕಟಮ್ಮ ಬೆಳಿಗ್ಗೆ ಹಾಕಿದ್ದ ರಂಗೋಲಿಯ ಮೇಲೆ ಕಪ್ಪು ಎಣ್ಣೆ ನಿಧಾನವಾಗಿ ಹರಿಯಿತು. ಮೇಲಿನ ನಟ್ಟನ್ನು ತೆಗೆಯುವಾಗ ಒಳಗಿನ ಸ್ಪ್ರಿಂಗು ಅದನ್ನು ಎಗರಿಸಿ ಅವನ ಹಣೆಗೇ ಹೊಡೆಯಿತು. ವತ್ಸಲಾ ಅರಿಶಿನ ಹಚ್ಚುತ್ತಾ ನಗು ತಡೆದುಕೊಂಡಿದ್ದು ಅವಳ ಬೆರಳು ನಡುಗುವುದರಿಂದಲೇ ಅವನಿಗೆ ಗೊತ್ತಾಯಿತು.

ಹನ್ನೆರಡರ ಹೊತ್ತಿಗೆ ಎರಡು ಕಾಲೂ ಗಾಡಿಯಿಂದ ಬೇರೆಯಾಗಿ ಗೋಣಿಚೀಲದ ಮೇಲೆ ಮಲಗಿದ್ದವು. ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದ. ಗಟ್ಟಿಯಾಗಿ ಒಣಗಿದ ಕೋಡುಬಳೆಯಂತೆ ಅದು ಮುರಿದು ಬಂತು. ಈಗ ಹೊಸದು. ಕಾಲಿನ ಉಕ್ಕಿನ ಕೊಳವೆಯ ಮೇಲ್ತುದಿಯಲ್ಲಿ ನಟ್ಟು ಕೂರುವ ಸುರುಳಿ ಗೆರೆಗಳು, ಅಂದರೆ ಥ್ರೆಡ್ ಇತ್ತು. ಅದರ ಮೇಲೆ ಹಾಯಿಸಿ ಸೀಲನ್ನು ಕೆಳಕ್ಕೆ ಜಾರಿಸಬೇಕು. ಆಮೇಲೆ ಅದನ್ನು ಅದರ ಗೂಡಿನಲ್ಲಿ ಕೂರಿಸಬೇಕು. ಹದಿನಾಲ್ಕನೇ ಹಂತ: ಸೀಲಿಗೆ ಎಣ್ಣೆ ಸವರಿ, ನೇರವಾಗಿ ಒತ್ತಿ ಇಳಿಸುವುದು. ಪ್ರೆಸ್ಸಿನ ದಂಡದ ತುದಿಯಲ್ಲೂ ಇಂಥದೇ ಥ್ರೆಡ್, ಕಾರ್ಖಾನೆಯ ಶೀಟಿನಲ್ಲೂ ಅದೇ ಮಾತು. ಅವನು ಎಣ್ಣೆ ಸವರಿದ, ನೇರವಾಗಿ ಒತ್ತಿದ. ಸೀಲು ಥ್ರೆಡ್ಡಿನ ಮೇಲೆ ಸ್ವಲ್ಪ ತಡೆದು ಇಳಿಯಿತು. ಲಟ್ಟಣಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ಗೂಡಿನಲ್ಲಿ ಕೂರಿಸಿದ. ಎರಡನೆಯದೂ ಹಾಗೇ.

ಮೂರು ಗಂಟೆಗೆ ಗಾಡಿ ಮತ್ತೆ ಗಾಡಿಯ ಹಾಗೆ ಕಾಣಿಸಿತು. ಇಡ್ಲಿ ತಟ್ಟೆಯ ಗುಳಿಗಳೆಲ್ಲ ಖಾಲಿ. ಪಟ್ಟಾಭಿರಾಮನ ಎದೆ ಉಬ್ಬಿತು. ಹೊಸ ಎಣ್ಣೆ ತುಂಬಿ, ಬ್ರೇಕ್ ಹಿಡಿದು, ಹ್ಯಾಂಡಲ್ಲಿನ ಮೇಲೆ ಭಾರ ಹಾಕಿ ಇಪ್ಪತ್ತು ಸಲ ಮೇಲಕ್ಕೂ ಕೆಳಕ್ಕೂ ಕುಲುಕಿದ. ಬಿಳಿ ಬಟ್ಟೆಯಿಂದ ಕೊಳವೆ ಒರೆಸಿ ನೋಡಿದ. ಒಂದು ಗೆರೆ ಎಣ್ಣೆ. ಮತ್ತೆ ಒರೆಸಿ ಮತ್ತೆ ಕುಲುಕಿದ. ಈ ಸಲ ಎರಡು ಕಾಲಿನಲ್ಲೂ ಎಣ್ಣೆಯ ಉಂಗುರ ಎದ್ದು, ಒಂದು ತೊಟ್ಟು ಕೆಳಕ್ಕೆ ಜಾರಿತು.

“ಮೊದಲಿಗಿಂತ ಜಾಸ್ತೀನೇ ಬರ್ತಿದೆ” ಎಂದಳು ವತ್ಸಲಾ.

ಅವನು ಒಳಗೆ ಹೋಗಿ ತಣ್ಣಗಾದ ಉಪ್ಪಿಟ್ಟು ತಿಂದು ಬಂದು ಎಲ್ಲವನ್ನೂ ಮತ್ತೆ ಬಿಚ್ಚಿದ. ಈ ಸಲ ಎಣ್ಣೆಗೆ ಪಾತ್ರೆ ಇಟ್ಟ. ಬಿಚ್ಚಿ ತೆಗೆದ ಹೊಸ ಸೀಲನ್ನು ಭೂತಗನ್ನಡಿ ಹಿಡಿದು ನೋಡಿದ. ಒಳ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೀರು, ಓರೆಯಾಗಿ. ಎರಡನೆಯದರಲ್ಲೂ ಅದೇ. ಇದೇ ಗೀರನ್ನು ಎರಡು ತಿಂಗಳಲ್ಲಿ ಮೂರು ಸಲ ಇದೇ ಭೂತಗನ್ನಡಿಯಲ್ಲಿ ನೋಡಿ, ಮೂರು ಸಲವೂ ಫಿಟ್ಟರನ ಅಜಾಗರೂಕತೆ ಎಂದು ಬರೆದಿದ್ದ. ಇವತ್ತು ಅವನಷ್ಟು ಜಾಗರೂಕ ಇಡೀ ದಾಸರಹಳ್ಳಿಯಲ್ಲಿ ಇರಲಿಲ್ಲ. ಆದರೂ ಥ್ರೆಡ್ಡಿನ ಚೂಪು ಅಂಚು ರಬ್ಬರನ್ನು ಕೊಯ್ದಿತ್ತು.

“ಆ ಬೈರಪ್ಪನ ಕೈಯಲ್ಲಿ ಮುಂಚೇನೂ ಸೋರ್ತಿತ್ತಾ?” ಎಂದು ಕೇಳಿದಳು, ಪಂದ್ಯದ ವಿಷಯ ಶುಕ್ರವಾರವೇ ಕೇಳಿದ್ದ ವತ್ಸಲಾ.

“ಇಲ್ಲ.”

“ಎಷ್ಟ್ ವರ್ಷ?”

“ಏಳೆಂಟು ವರ್ಷ.”

“ಮತ್ತೆ ಈ ಎರಡು ತಿಂಗಳಲ್ಲಿ ಏನ್ರೀ ಬದಲಾಯ್ತು?”

ಪಟ್ಟಾಭಿರಾಮ ಭೂತಗನ್ನಡಿಯನ್ನು ಕೆಳಗಿಟ್ಟ. ಉತ್ತರ ಅವನ ಸುತ್ತೋಲೆಯೇ. ಬಹಳ ಒಳ್ಳೆಯ ಭಾಷೆಯಲ್ಲಿ ಬರೆದ, ಹೆಂಡತಿಗೆ ಓದಿ ಹೇಳಿದ ಸುತ್ತೋಲೆ. ಥ್ರೆಡ್ಡಿನ ಮೇಲೆ ಎಲೆ ಸುತ್ತಿ, ಅದರ ಮೇಲೆ ಸೀಲನ್ನು ಜಾರಿಸಿ, ಆಮೇಲೆ ಎಲೆಯನ್ನು ಎಳೆದುಬಿಡುತ್ತಿದ್ದ ಬೈರಪ್ಪ. ರಬ್ಬರಿಗೆ ಉಕ್ಕಿನ ಅಂಚು ತಾಗುತ್ತಲೇ ಇರಲಿಲ್ಲ. ಇದು ತಿನ್ನಾಕಲ್ಲ ಸಾರ್ ಎಂದಿದ್ದ. ಮಾತು ಬೇಡ ಎಂದವನು ಯಾರು?

ಅವನು ಅಂಗಳದ ಮೂಲೆಯಲ್ಲಿದ್ದ ವೆಂಕಟಮ್ಮನ ಬಾಳೆಗಿಡವನ್ನೇ ನೋಡುತ್ತಾ ಇದ್ದುದರಿಂದ ವತ್ಸಲಾ ಇನ್ನೇನೂ ಕೇಳಲಿಲ್ಲ. ಅವನೇ ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡು, ವೆಂಕಟಮ್ಮನಿಂದ ಒಂದು ಎಲೆ ಕುಯ್ಯಿಸಿಕೊಂಡು ಬಂದಳು.

“ಹಾಗೇ ಸುತ್ತಿದ್ರೆ ಸೀಳ್ಹೋಗುತ್ತೆ. ಕಡುಬಿಗೆ ಮಾಡೋ ಹಾಗೆ ಬಾಡಿಸ್ಬೇಕು” ಎಂದು ಸ್ಟೌವಿನ ಉರಿಯ ಮೇಲೆ ಆಡಿಸಿದಳು. ಎಲೆ ಬಣ್ಣ ತಿರುಗಿ, ಮೆತ್ತಗೆ ಬಟ್ಟೆಯಂತೆ ಮಡಚಿಕೊಂಡಿತು. ಅದರ ದಪ್ಪ ನರಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಎಳೆದು ತೆಗೆದಳು. ಪಟ್ಟಾಭಿರಾಮ ಅದನ್ನು ಥ್ರೆಡ್ಡಿಗೆ ಸುತ್ತಿದ, ಎಣ್ಣೆ ಸವರಿದ, ಮಿಕ್ಕಿದ್ದ ಸೀಲನ್ನು ಒತ್ತಿದ. ಅದು ತಡೆಯಲೇ ಇಲ್ಲ. ಸುಮ್ಮನೆ ಜಾರಿ ಹೋಗಿ ಕೆಳಗೆ ನಿಂತಿತು.

“ಏನ್ ಸಾಮಿ, ಗಾಡಿಗೂ ಎಲೆ ಊಟವಾ?” ಎಂದು ವೆಂಕಟಮ್ಮ ಬಾಗಿಲಿನಿಂದ ಕೇಳಿದಳು.

ದೀಪ ಹಚ್ಚುವ ಹೊತ್ತಿಗೆ ಗಾಡಿ ಸಿದ್ಧವಾಯಿತು. ಇಪ್ಪತ್ತಲ್ಲ, ನೂರು ಸಲ ಕುಲುಕಿದರೂ ಬಿಳಿ ಬಟ್ಟೆ ಬಿಳಿಯಾಗಿಯೇ ಇತ್ತು. ತುಮಕೂರು ರಸ್ತೆಯ ಗುಂಡಿಗಳ ಮೇಲೆ ಒಂದು ಸುತ್ತು ಹೋಗಿ ಬಂದ. ಆಗಲೂ ಒಣಗಿಯೇ ಇತ್ತು. ಆಗ ಅವನಿಗೆ ಬಂದ ಯೋಚನೆಯನ್ನು ಅವನು ಮುಂದೆ ಎಂದೂ ಮುಚ್ಚಿಡಲಿಲ್ಲ. ಎಲೆ ಸುತ್ತಿದ್ದನ್ನು ನೋಡಿದವರು ಇಬ್ಬರೇ, ಒಬ್ಬಳು ಹೆಂಡತಿ, ಇನ್ನೊಬ್ಬಳಿಗೆ ಅದು ಊಟದ ಎಲೆ. ನಾಳೆ ಕಾರ್ಖಾನೆ ನೋಡುವುದು ಒಣಗಿದ ಫೋರ್ಕನ್ನು ಮಾತ್ರ. ಶೀಟು ಸರಿ, ಸುತ್ತೋಲೆ ಸರಿ, ಪಟ್ಟಾಭಿರಾಮ ಸರಿ. ಒಂಬತ್ತು ವರ್ಷದಿಂದ ಮೂರನೇ ಕಲಮಿಗೆ ಇಳಿಯದ ಹೆಸರು ಇನ್ನು ಮುಂದೂ ಇಳಿಯಬೇಕಾಗಿಲ್ಲ. ರಿಪೋರ್ಟು ಬರೆದಾಗಿತ್ತು, ಸಹಿಯೂ ಆಗಿತ್ತು. ಅದನ್ನು ಚೀಲದಿಂದ ತೆಗೆಯಲೂ ಇಲ್ಲ, ಹರಿಯಲೂ ಇಲ್ಲ.

ಸೋಮವಾರ ಬೆಳಿಗ್ಗೆ ವತ್ಸಲಾ ನೀರು ತರಲು ಹೋಗಿದ್ದಾಗ, ತಾನೇ ಒಂದು ಎಲೆ ಕುಯ್ದು ಸ್ಟೌವಿನ ಮೇಲೆ ಬಾಡಿಸಿ, ಸುರುಳಿ ಸುತ್ತಿ ರಿಪೋರ್ಟಿನ ಪಕ್ಕದಲ್ಲಿ ಇಟ್ಟುಕೊಂಡ. ಯಾಕೆ ಇಟ್ಟುಕೊಂಡೆ ಎಂದು ಅವನಿಗೂ ಸ್ಪಷ್ಟವಿರಲಿಲ್ಲ. ಎರಡರಲ್ಲಿ ಯಾವುದು ಹೊರಗೆ ಬರುತ್ತದೋ ಬರಲಿ ಎಂದುಕೊಂಡು ಹೊರಟ. ಹೇಡಿಗಳು ಹೀಗೇ ಮಾಡುವುದು ಎಂದು ಮುಂದೆ ಅವನೇ ಹೇಳುತ್ತಿದ್ದ.

ಸೈಕಲ್ ಸ್ಟ್ಯಾಂಡಿನಲ್ಲಿ ಇಡೀ ಶಿಫ್ಟು ಸೇರಿತ್ತು. ಗಾಡಿ ನಿಲ್ಲಿಸಿದ ಕೂಡಲೇ ಎಲ್ಲರೂ ಬಗ್ಗಿ ನೋಡಿದರು. “ಪರ್ವಾಗಿಲ್ಲ ಗುರು, ಒಣಗೇ ಇದೆ” ಎಂದ ಒಬ್ಬ. ಚಿಕ್ಕಬೈರಪ್ಪ ಮುಂದೆ ಬಂದು ಮಂಡಿಯೂರಿದ. ಕೊರಳಿಗೆ ಸುತ್ತಿದ್ದ ಕರ್ಚೀಫು ಬಿಚ್ಚಿ ಎರಡೂ ಕೊಳವೆ ಒರೆಸಿ, ಬೆಳಕಿಗೆ ಹಿಡಿದು ನೋಡಿದ. ಹ್ಯಾಂಡಲ್ ಹಿಡಿದು ತಾನೇ ನಾಲ್ಕು ಸಲ ಕುಲುಕಿ ಮತ್ತೆ ಒರೆಸಿದ. ಆಮೇಲೆ ಎದ್ದು ನಿಂತು ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಚೆನ್ನಾಗ್ ಆಕಿದೀರ ಸಾರ್” ಎಂದ. “ಅಂಗಾರೆ ನನ್ ಕೈಯೇ ಕೆಟ್ಟೋಗೈತೆ. ವಯಸ್ಸಾಯ್ತಲ್ಲ, ಗೊತ್ತಾಗ್ಲಿಲ್ಲ. ಪ್ಯಾಕಿಂಗಿಗೇ ಆಕ್ಬಿಡಿ ಸಾರ್. ನಾನೇನ್ ಬೇಜಾರ್ ಮಾಡ್ಕಳಲ್ಲ.”

ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಹಾಗೆಂದು ನಂಬಿ ಹೇಳಿದ ಮಾತು ಅದು. ಪಟ್ಟಾಭಿರಾಮನಿಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಒಬ್ಬ ಮನುಷ್ಯ ತನ್ನ ಕೈಯನ್ನು ತಾನೇ ನಂಬದ ಹಾಗೆ ಮಾಡಿಬಿಟ್ಟಿದ್ದೆನಲ್ಲ ಎನ್ನಿಸಿತು. ಚೀಲಕ್ಕೆ ಕೈ ಹಾಕಿ ಎಲೆಯ ಸುರುಳಿ ತೆಗೆದ.

“ಬೈರಪ್ಪ, ನಿಮ್ಮ ಕೈ ಕೆಟ್ಟಿಲ್ಲ. ಶೀಟಲ್ಲಿ ಬರ್ದ ಹಾಗೆ ಹಾಕ್ದೆ, ಎರಡೂ ಸೋರ್ತು. ಆಮೇಲೆ ಎಲೆ ಸುತ್ತಿ ಹಾಕ್ದೆ. ನೀವು ಮಾಡ್ತಿದ್ದ ಹಾಗೆ.”

ಆಗ ಎದ್ದ ನಗು ಗೇಟಿನ ಸೆಕ್ಯುರಿಟಿಯವನನ್ನೂ ಓಡಿಸಿಕೊಂಡು ಬಂತು. ಪಟ್ಟಾಭಿರಾಮ ನಗುವಿನ ನಡುವೆ ನಿಂತು ಗೀರು ಬಿದ್ದ ಎರಡು ಸೀಲನ್ನು ಕೈಯಿಂದ ಕೈಗೆ ದಾಟಿಸಿದ. ಚಿಕ್ಕಬೈರಪ್ಪ ಮಾತ್ರ ನಗಲಿಲ್ಲ. ಕರ್ಚೀಫಿನಿಂದ ಮುಖ ಒರೆಸಿಕೊಂಡ. ಅದಕ್ಕೆ ಎಣ್ಣೆ ಮೆತ್ತಿರಲಿಲ್ಲವಾದ್ದರಿಂದ ಮುಖ ಕಪ್ಪಾಗಲಿಲ್ಲ.

ಹತ್ತು ಗಂಟೆಗೆ ಪಟ್ಟಾಭಿರಾಮ ಮ್ಯಾನೇಜರ ಮುಂದೆ ನಿಂತಿದ್ದ. ರಿಪೋರ್ಟನ್ನು ಹರಿದು ಹಾಕಿ ಬರಬಹುದಾಗಿತ್ತು. ಆದರೆ ದಾಖಲೆಯನ್ನು ಹರಿಯುವುದು ನಿಯಮಕ್ಕೆ ವಿರುದ್ಧ. ಆದ್ದರಿಂದ ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಚಿಕ್ಕ ಸಹಿ ಮಾಡಿ, ತಾರೀಖು ಬರೆದಿದ್ದ. ಅದರ ಜೊತೆಗೆ ಒಂದು ಕೆಂಪು ಚೀಟಿ. ದೋಷ: ಸೀಲಿನ ಅಂಚು ಕೊಯ್ದುಹೋಗಿದೆ. ಕಾರಣ: ಬಾಳೆ ಎಲೆ ನಿಷೇಧಿಸಿದ ಸುತ್ತೋಲೆ. ಮಾಡಿದವರು: ಪಟ್ಟಾಭಿರಾಮ.

ಶ್ಯಾಮಸುಂದರ ಅದನ್ನು ಎರಡು ಸಲ ಓದಿದರು. “ನಿಮ್ಮ ಹೆಸರು ನೀವೇ ಬರ್ಕೊಂಡಿದೀರಲ್ರೀ. ಇದು ಮೇಲಕ್ಕೆ ಹೋಗುತ್ತೆ, ಗೊತ್ತಲ್ವಾ?”

“ಹೋಗ್ಲಿ ಸಾರ್.”

“ಮತ್ತೆ ಈ ಎಲೆ? ಶೀಟಲ್ಲಿ ಸೇರಿಸ್ಬೇಕಾದ್ರೆ ದಪ್ಪ ಎಷ್ಟು ಅಂತ ಕೇಳ್ತಾರೆ.”

ಪಟ್ಟಾಭಿರಾಮ ಜೇಬಿನಿಂದ ಇನ್ನೊಂದು ಬಿಳಿ ಚೀಟಿ ತೆಗೆದ. ಭಾನುವಾರ ಸಂಜೆಯೇ ಮೈಕ್ರೋಮೀಟರಿನಲ್ಲಿ ಅಳೆದಿದ್ದ. ಎಲೆಯ ಐದು ಕಡೆ ಅಳೆದು ಸರಾಸರಿಯನ್ನೂ ತೆಗೆದಿದ್ದ. ಮ್ಯಾನೇಜರು ಕನ್ನಡಕ ತೆಗೆದಿಟ್ಟು ಬಹಳ ಹೊತ್ತು ನಕ್ಕರು.

ಆಮೇಲೆ ಅವನು ಅಸೆಂಬ್ಲಿ ಶೆಡ್ಡಿಗೆ ಹೋದ. ಬಾಗಿಲಿನ ಪಕ್ಕದಲ್ಲಿ ಅಂಟಿಸಿದ್ದ ಸುತ್ತೋಲೆಯನ್ನು ಉಗುರಿನಿಂದ ಕಿತ್ತ. ಅನ್ನದ ಗಂಜಿಯಿಂದ ಅಂಟಿಸಿದ್ದರಿಂದ ಪೂರ್ತಿ ಬರಲಿಲ್ಲ, ‘ನಿಷಿದ್ಧ’ ಎಂಬುದು ಗೋಡೆಯ ಮೇಲೆ ಉಳಿದುಕೊಂಡಿತು. ಚಿಕ್ಕಬೈರಪ್ಪ ಬೆಂಚಿನ ಮುಂದೆ ನಿಂತಿದ್ದ. ನಾಲ್ಕನೇ ಯಂತ್ರದ ದಂಡ ಅವನ ಮುಂದಿತ್ತು. ಪಟ್ಟಾಭಿರಾಮ ತಾನು ಬಾಡಿಸಿ ತಂದ ಎಲೆಯನ್ನು ಎರಡೂ ಕೈಯಲ್ಲಿ ಕೊಟ್ಟ.

ಚಿಕ್ಕಬೈರಪ್ಪ ಅದನ್ನು ಬಿಡಿಸಿದ. ಕಿಟಕಿಯ ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸವರಿದ. ಮೂಸಿಯೂ ನೋಡಿದ.

“ಇದನ್ನ ಬಾಡ್ಸಿದ್ದು ಅಮ್ಮಾವ್ರಾ, ನೀವಾ?”

“ನಾನೇ.”

“ನರ ತೆಗ್ದಿಲ್ಲ ಸಾರ್. ಒಂದ್ ಕಡೆ ಸುಟ್ಟೋಗೈತೆ, ಒಂದ್ ಕಡೆ ಅಸಿ. ಸುತ್ತಿದ್ರೆ ಸೀಳ್ಕೊಂಡ್ಬಿಡ್ತದೆ. ಆಗಲ್ಲ ಇದು” ಎಂದು ಎಲೆಯನ್ನು ಬೆಂಚಿನ ಮೇಲಿಟ್ಟ. ಸ್ವಲ್ಪ ಯೋಚಿಸಿ ಕೈ ಚಾಚಿದ. “ಒಂದ್ ಕೆಂಪ್ ಚೀಟಿ ಕೊಡಿ.”

ಪಟ್ಟಾಭಿರಾಮ ಪುಸ್ತಕ ತೆಗೆದು ಒಂದು ಚೀಟಿ ಹರಿದ. ಚಿಕ್ಕಬೈರಪ್ಪನಿಗೆ ಸಹಿ ಹಾಕುವಷ್ಟು ಮಾತ್ರ ಬರವಣಿಗೆ ಬರುತ್ತಿತ್ತು. ಆದ್ದರಿಂದ ಅವನು ಹೇಳಿದ, ಪಟ್ಟಾಭಿರಾಮ ಬರೆದ. ದೋಷ: ನರ ಉಳಿದಿದೆ, ಹದ ತಪ್ಪಿದೆ. ಕಾರಣ: ಅನುಭವವಿಲ್ಲ. ಮಾಡಿದವರು: ಪಟ್ಟಾಭಿರಾಮ. ನಾಲ್ಕನೇ ಕಲಮಿನ ‘ಇನ್‌ಸ್ಪೆಕ್ಟರ್’ ಎಂಬುದರ ಮೇಲೆ ಬೆರಳಿಟ್ಟು ಅವನು ಪೆನ್ನನ್ನು ಚಿಕ್ಕಬೈರಪ್ಪನ ಕೈಗೆ ಕೊಟ್ಟ. ಒಂದೊಂದೇ ಅಕ್ಷರ ಮೂಡಿ ಸಹಿ ಮುಗಿಯುವವರೆಗೂ ಪಕ್ಕದಲ್ಲೇ ಕಾದು ನಿಂತ.